ಮರೆಯಿಲ್ಲದ ದಾರಿ

ಎಂಬತ್ತೆರಡರ ಬೇಸಿಗೆ ರಜೆಯಲ್ಲಿ ಬಿಜಾಪುರ ನೋಡಿ ಬರೋಣವೆಂದು ಹೊರಟಾಗ ನಮ್ಮ ಯಜಮಾನರಿಗೆ ಇದ್ದದ್ದು ಒಂದೇ ಚಿಂತೆ, ನೀರು. ನರಸಿಂಹರಾಜಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಸೋಮಶೇಖರಪ್ಪನವರಿಗೆ ಬಯಲುಸೀಮೆ ಎಂದರೆ ಜನ ನೀರಿಲ್ಲದೆ ಸಾಯುವ ಜಾಗ. ಬಾಡಿಗೆ ವ್ಯಾನಿನ ಹಿಂದೆ ಎರಡು ದೊಡ್ಡ ಕ್ಯಾನು, ಜೊತೆಗೊಂದು ಮಣ್ಣಿನ ಹೂಜಿ, ಅದಕ್ಕೆ ಸುತ್ತಿದ ಒದ್ದೆ ಬಟ್ಟೆ. ಊರು ಸಿಕ್ಕಿದಲ್ಲೆಲ್ಲ ಇಳಿದು ಕ್ಯಾನು ತುಂಬಿಸುವುದೇ ಅವರ ಯಾತ್ರೆಯಾಯಿತು. "ಕುಡೀರಿ, ಕುಡೀರಿ, ಇಲ್ಲಿ ಬೆವರೂ ಕಾಣಲ್ಲ, ಒಳಗೊಳಗೇ ಒಣಗಿ ಹೋಗ್ತೀರಿ" ಎಂದು ನಮ್ಮ ತಲೆ ತಿನ್ನುತ್ತಿದ್ದರು.

ಗಂಡಸರು ಕುಡಿದರು. ಕುಡಿದು, ಬೇಕೆಂದಲ್ಲಿ ವ್ಯಾನು ನಿಲ್ಲಿಸಿ, ರಸ್ತೆಗೆ ಬೆನ್ನು ಹಾಕಿ ನಿಂತು, ಹಗುರಾಗಿ ಬಂದರು. ನಾವೇನು ಮಾಡಬೇಕಿತ್ತು? ನಮ್ಮ ಕಡೆ ಕೊಪ್ಪಕ್ಕೋ ಶೃಂಗೇರಿಗೋ ಹೋಗುವಾಗ ಎಲ್ಲಿ ಇಳಿದರೂ ಪಕ್ಕದಲ್ಲೇ ಪೊದೆ, ಮಟ್ಟಿ, ಒಳಗೆ ಹೊಕ್ಕರೆ ಆನೆಯೂ ಕಾಣುವುದಿಲ್ಲ. ಇಲ್ಲಿ ಕೂಡಲಸಂಗಮದಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಬಿಜಾಪುರದ ದಾರಿ ಹಿಡಿದ ಮೇಲೆ ಬರೀ ಉತ್ತು ಬಿಟ್ಟ ಕಪ್ಪು ನೆಲ. ಮೊಣಕಾಲೆತ್ತರದ ಗಿಡವೂ ಇಲ್ಲ. ಮೈಲಿ ದೂರದಲ್ಲಿ ನಡೆಯುವವನ ಟೋಪಿಯೂ ಕಾಣುತ್ತಿತ್ತು. ನಾನು ತುಟಿ ಒದ್ದೆ ಮಾಡಿಕೊಂಡು ಲೋಟ ಇಳಿಸುತ್ತಿದ್ದೆ. ಅತ್ತೆ ಕಲ್ಲಮ್ಮ ಹಿಂದಿನ ದಿನದಿಂದ ಅದನ್ನೂ ಬಿಟ್ಟಿದ್ದರು.

"ಅಕ್ಕಂದು ವ್ರತ ಕಣೋ ಸೋಮ" ಎಂದರು ಅತ್ತೆಯ ತಮ್ಮ ಮಲ್ಲೇಶಪ್ಪ. "ಸಂಗಮನಾಥನಿಗೆ ಕೈ ಮುಗಿದವಳು ಆಮೇಲೆ ಹನಿ ನೀರು ಮುಟ್ಟಿಲ್ಲ. ಎಂಥ ಭಕ್ತಿ ಮಾರಾಯ!"

ನಮ್ಮವರು ಹೆಮ್ಮೆಯಿಂದ ಬೀಗಿದರು. ಅತ್ತೆ ಬಾಯಿ ಬಿಡಲಿಲ್ಲ. ನಿಜ ಹೇಳುವುದಕ್ಕಿಂತ ವ್ರತ ಎನ್ನಿಸಿಕೊಳ್ಳುವುದೇ ಅವರಿಗೆ ಮರ್ಯಾದೆ. ನನಗೋ ಮೈ ಉರಿಯುತ್ತಿತ್ತು. ಆದರೆ ಗಂಡ, ಅವರ ಸೋದರಮಾವ, ಡ್ರೈವರ್ ಶರೀಫ್, ಇಷ್ಟು ಗಂಡಸರ ಮುಂದೆ ಸೊಸೆಯಾದವಳು ಆ ಮಾತು ಹೇಗೆ ಆಡುವುದು?

ಮಧ್ಯಾಹ್ನದ ಹೊತ್ತಿಗೆ ಅತ್ತೆ ನನ್ನ ಭುಜಕ್ಕೆ ಒರಗಿದರು. ನಿದ್ದೆ ಎಂದುಕೊಂಡೆ. ಮುಟ್ಟಿ ನೋಡಿದರೆ ಮೈ ಕಾದ ಕಾವಲಿ. "ಕೊಟ್ಟಿಗೆ ಬಾಗಿಲು ಹಾಕೇ, ದನ ಬಂತು" ಎಂದು ಏನೇನೋ ಬಡಬಡಿಸಿದರು. ನಮ್ಮವರು ಗಾಬರಿಯಾಗಿ ಲೋಟ ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಹೀಗೇ ಬಿಟ್ಟರೆ ಬಿಜಾಪುರ ಮುಟ್ಟುವುದರೊಳಗೆ ಜೀವ ಹೋಗುತ್ತದೆ ಎನ್ನಿಸಿತು.

"ಬಲವಂತ ಮಾಡಬೇಡ್ವೋ, ವ್ರತ ಕೆಡ್ತದೆ" ಎಂದರು ಮಲ್ಲೇಶಪ್ಪ.

ನನ್ನ ಪಿತ್ತ ನೆತ್ತಿಗೇರಿತು.

"ಎಂಥ ವ್ರತ, ನಿಮ್ಮ ತಲೆ! ಕುಡಿದ್ರೆ ಒಂದಕ್ಕೆ ಹೋಗಬೇಕಲ್ಲ, ಹೋಗಕ್ಕೆ ಒಂದು ಗಿಡದ ಮರೆ ಎಲ್ಲಿದೆ? ಅದಕ್ಕೇ ಕುಡೀತಿಲ್ಲ. ನಾನೂ ಕುಡೀತಿಲ್ಲ. ಕ್ಯಾನುಗಟ್ಟಲೆ ನೀರು ಹೊತ್ಕೊಂಡು ಬಂದ್ರಲ್ಲ, ಇದನ್ನ ಒಂದು ಸಲನಾದ್ರೂ ಯೋಚನೆ ಮಾಡಿದ್ರಾ?"

ಶರೀಫ್ ವ್ಯಾನನ್ನು ಬದಿಗೆ ನಿಲ್ಲಿಸಿ, ಇಳಿದು, ಮಲ್ಲೇಶಪ್ಪನವರನ್ನೂ ಕರೆದುಕೊಂಡು ರಸ್ತೆಯ ಆಚೆ ದೂರ ಹೋಗಿ ನಿಂತ. ನಮ್ಮವರು ಸೀಟಿನ ಮೇಲೆ ಹಾಸಿದ್ದ ಜಮಖಾನ ಎಳೆದು, ಒಂದು ತುದಿಯನ್ನು ವ್ಯಾನಿನ ಬಾಗಿಲಿಗೆ ಸಿಕ್ಕಿಸಿದರು. ಇನ್ನೊಂದು ತುದಿಯನ್ನು ಕೈಯೆತ್ತಿ ಹಿಡಿದು, ನಮಗೆ ಬೆನ್ನು ಮಾಡಿ ಬಿಸಿಲಲ್ಲಿ ನಿಂತರು.

"ಅವ್ವ, ಮರೆ ಮಾಡಿದೀನಿ. ಎಷ್ಟು ಹೊತ್ತಾದ್ರೂ ಹಿಡ್ಕೊಂಡಿರ್ತೀನಿ. ನೀರು ಕುಡಿಯವ್ವ."

ಅತ್ತೆಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಹಲ್ಲು ಮಾತ್ರ ಸಡಿಲವಾಯಿತು. ಬುತ್ತಿಯ ಚೀಲದಿಂದ ಚಿಟಿಕೆ ಉಪ್ಪು, ಸಕ್ಕರೆ ತೆಗೆದು ನೀರಿಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ತಲೆಗೆ, ಎದೆಗೆ ಒದ್ದೆ ಬಟ್ಟೆ ಹಾಕಿದೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ಮಗನ ಬೆನ್ನು ನೋಡಿದರು.

"ನಿಮ್ಮಪ್ಪನ ಜೊತೆ ಎಷ್ಟು ಊರು ತಿರುಗಿದೆ ಸೋಮ" ಎಂದರು. "ಒಂದು ಸಲವೂ ಹೊಟ್ಟೆ ತುಂಬ ನೀರು ಕುಡೀಲಿಲ್ಲ."

ನಮ್ಮವರು ತಿರುಗಲಿಲ್ಲ. ಎತ್ತಿ ಹಿಡಿದ ಜಮಖಾನ ಇಳಿಯಲಿಲ್ಲ.

ಅತ್ತೆ ನನ್ನ ಕಡೆ ಖಾಲಿ ಲೋಟ ಚಾಚಿದರು. "ಇನ್ನೂ ಹಾಕೇ, ತುಂಬ ಹಾಕು."