ಕೊನೆಯವರು ಹತ್ತಿದ ಮೇಲೆ

ಬಾಗಿಲಿನ ಮೆಟ್ಟಿಲಿಗೆ ಒಂದು ಕಾಲು ಕೊಟ್ಟು, ಇನ್ನೊಂದನ್ನು ನೆಲದಲ್ಲೇ ಊರಿ, ಅದಿರಿನ ಧೂಳಿಗೆ ಕೆಂಪಡರಿದ ಖಾಕಿ ಕೋಟಿನ ಗುಂಡಿ ತಿರುವುತ್ತಾ ನಿಲ್ಲುವುದು ಎರ್ರಿಯಪ್ಪನ ರೂಢಿ. ಯಶವಂತನಗರದ ಗಣಿಯಿಂದ ಸಂಡೂರಿಗೆ ಕೂಲಿಯವರನ್ನು ಒಯ್ಯುವ ಕಂಪನಿ ಬಸ್ಸಿಗೆ ಆಗ ಅವನೇ ಡ್ರೈವರು. ಕೊನೆಯವರು ಹತ್ತಿದ ಮೇಲೆ, ನೋಯುವ ಮೊಣಕಾಲಿನಿಂದಾಗಿ ಎಡಕ್ಕೆ ವಾಲುತ್ತಾ ನಡೆದು ಸೀಟಿನಲ್ಲಿ ಕುಳಿತು, "ಆಂದ್ಯಾಮೊ" ಎನ್ನುವನು. ಆಮೇಲೆಯೇ ಬಸ್ಸು ಕದಲುವುದು.

ಮಾತು ಇಟಲಿಯದು. ಎರಡು ಸಾವಿರದ ನಾಲ್ಕರಲ್ಲಿ ಅದಿರು ಒಡೆಯುವ ಯಂತ್ರ ಕೂಡಿಸಲು ಬಂದ ಬ್ರೂನೊ ಎಂಬ ಫಿಟ್ಟರನನ್ನು ಇವನು ಆರು ವಾರ ಜೀಪಿನಲ್ಲಿ ಓಡಾಡಿಸಿದ್ದ. ಜೊತೆಗಾರರೆಲ್ಲ ಕೈ ತೊಳೆದು ಬರುವವರೆಗೆ ಆ ಮನುಷ್ಯ ಜೀಪು ಹತ್ತುತ್ತಿರಲಿಲ್ಲವಂತೆ. ಎಲ್ಲರೂ ಬಂದರೆ "ಆಂದ್ಯಾಮೊ", ಹೋಗೋಣ. ಕ್ಯಾಂಟೀನಿನಲ್ಲಿ ರೊಟ್ಟಿ ತಟ್ಟುತ್ತಿದ್ದ ನನಗೆ ಆ ಮಾತಿನ ಕುಲಗೋತ್ರವನ್ನೂ ಎರ್ರಿಯಪ್ಪ ಹೇಳಿದ್ದ.

"ಒಬ್ಬಾತ ತಾನ ಹೊಂಟ್ರ 'ವಾದೊ' ಅಂತಾನಂತ ಯವ್ವಾ. ಅದು ಹಳೇ ಲ್ಯಾಟಿನ್ನಿನಿಂದ ಬಂದದ್ದು ಖರೇ. ಕೂಡಿ ಹೊಂಟ್ರ ಮಾತ ಬ್ಯಾರೆ, ಅದರ ಬೇರೂ ಬ್ಯಾರೆ. ನಡಿಯೋದು ಅನ್ನೋ ಮಾತಿನಿಂದ ಬಂತು ಅಂತ ಒಬ್ರು, ಸುತ್ತೋದು ಅನ್ನೋದ್ರಿಂದ ಬಂತು ಅಂತ ಒಬ್ರು, ಅಲ್ಲಿ ಪಂಡಿತರು ಇನ್ನೂ ಜಗಳಾಡ್ತಾರಂತ."

"ತಾಯಿ ತಂದಿ ಗೊತ್ತಿಲ್ದ ಮಾತು ನಿನಗ್ಯಾಕ ಬೇಕಿತ್ತಪ್ಪ?"

"ಬಸ್ಸಿನಾಗ ಯಾರ ಕುಲಾ ಕೇಳಿ ಹತ್ತಿಸ್ಕೊಂತೀನಿ?" ಎಂದು ನಕ್ಕ.

ಹಗಲೂ ಇರುಳೂ ಅದಿರು ಸಾಗುತ್ತಿದ್ದ ಕಾಲ. ಮುಂದಿನ ಪಾಳಿಯವರನ್ನೂ ಅದೇ ಬಸ್ಸು ತರಬೇಕು. ಐದೂವರೆ ಮೀರಿದರೆ ಬಸ್ಸನ್ನು ಅವನ ಕೈಯಿಂದ ಬಿಡಿಸುವೆನೆಂದು ಮೇಲ್ವಿಚಾರಕ ಎರಡು ಸಲ ಹೇಳಿದ್ದ. ಆದರೂ ಒಂದು ಸಂಜೆ, ಅದಿರು ಆರಿಸುವ ಹೊಳೆಮ್ಮ ಬಾರದೆ ಎರ್ರಿಯಪ್ಪ ಮೆಟ್ಟಿಲು ಬಿಡಲಿಲ್ಲ.

"ಒಬ್ಬಾಕಿ ಸಲುವಾಗಿ ನಲವತ್ತು ಮಂದಿ ಕಾಯ್ಬೇಕೇನಲೇ?" ಎಂದು ಮೇಲ್ವಿಚಾರಕ ಬಂದು ರೇಗಿದ.

"ಒಲ್ಲೆ ಅಂತ ಒಬ್ರರ ಅನ್ಲಿ ಸಾಹೇಬ್ರ, ಬಿಡ್ತೀನಿ."

ಬಸ್ಸಿನೊಳಗಿನಿಂದ ಕೂಲಿಯ ಹಂಪಕ್ಕ ಇಣುಕಿದಳು. "ಮನ್ಯಾಗ ನಮಗ ಯಾರು ಹೋಳಿಗಿ ಮಾಡಿಟ್ಟಾರ್ರಿ? ಕುಂತಿರ್ತೀವಿ."

ಕಾಲು ಉಳುಕಿಸಿಕೊಂಡಿದ್ದ ಹೊಳೆಮ್ಮ ಇಪ್ಪತ್ತು ನಿಮಿಷದ ಮೇಲೆ ಕುಂಟುತ್ತಾ ಬಂದಳು. ಮರುದಿನ ಬಸ್ಸಿನ ಕೀಲಿ ಬೇರೆಯವನ ಕೈಗೆ ಹೋಯಿತು. ಎರ್ರಿಯಪ್ಪನಿಗೆ ದಾರಿಯ ಧೂಳಿಗೆ ನೀರು ಹೊಡೆಯುವ ಟ್ಯಾಂಕರು.

ಹೊಸಬ ಐದೂವರೆಗೆ ಸರಿಯಾಗಿ ಬಸ್ಸು ಬಿಡುತ್ತಿದ್ದ. ಎರಡನೆಯ ವಾರ, ಇನ್ನೂ ಕುಂಟುತ್ತಿದ್ದ ಹೊಳೆಮ್ಮ ಬಸ್ಸು ತಪ್ಪಿಸಿಕೊಂಡು, ಲಾರಿಗಳ ಧೂಳಿನಲ್ಲಿ ನಡೆಯಲೇಬೇಕೆಂದು ಗೇಟು ದಾಟಿದರೆ, ಟ್ಯಾಂಕರಿನ ಮೆಟ್ಟಿಲಿಗೆ ಒಂದು ಕಾಲು ಕೊಟ್ಟು ಎರ್ರಿಯಪ್ಪ ಗುಂಡಿ ತಿರುವುತ್ತಾ ನಿಂತಿದ್ದ.

ಇಂಥವರಿಗೆ ಬಸ್ಸೇ ಆಗಬೇಕೆಂದಿಲ್ಲ. ಕೈಗೆ ಯಾವ ಗಾಡಿ ಕೊಟ್ಟರೂ, ಹೊರಡುವ ಮೊದಲು ಒಮ್ಮೆ ಹಿಂದಿನ ದಾರಿ ನೋಡುತ್ತಾರೆ.