ಪಾತಿಯಲ್ಲಿ ನಾಲ್ಕನೆಯ ಜಾಗ

ಶನಿವಾರ ಶಾಲೆ ಮುಗಿಸಿ ಅವರ್ಸಾದ ಮನೆಗೆ ಬಂದ ನೀತಾ ಸೀರೆಯನ್ನೂ ಬದಲಿಸದೆ ಕ್ಯಾಲೆಂಡರಿನ ಮುಂದೆ ನಿಂತಳು. ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ನಾಳೆ ಬೆಳಿಗ್ಗೆ ಎಂಟಕ್ಕೆ ಸಮುದ್ರದ ಉಬ್ಬರಕ್ಕೆ ಹೊಳೆ ತುಂಬುತ್ತದೆ, ಆಮೇಲೆ ಮಧ್ಯಾಹ್ನ ಎರಡೂವರೆಯ ತನಕ ಇಳಿಯುತ್ತದೆ. ಇಳಿಯುವ ನೀರಿನೊಡನೆ ಪಾತಿ ದೋಣಿ, ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಉಪ್ಪುಕೆಸರಿನಲ್ಲಿ ಬೆಳೆದ ಕಾಂಡ್ಲಗಿಡಗಳ ತನಕ ಹೋಗಬೇಕು. ಕೆಸರು ತೆರೆದುಕೊಂಡಾಗ ಬಿಲಗಳಿಂದ ಏಡಿ ಎಳೆಯಬೇಕು. ಏರುವ ನೀರಿನೊಡನೆ ಸಂಜೆ ಮನೆಗೆ ಬರಬೇಕು. ಕತ್ತಲ ಪಕ್ಷದ ಏಡಿಗೆ ಮಾಂಸ ಹೆಚ್ಚು ಎನ್ನುವುದು ಊರಿನ ನಂಬಿಕೆ.

ಮದುವೆಯಾಗಿ ಬಂದ ಐದು ವರ್ಷಗಳಲ್ಲಿ ಈ ಬೇಟೆಯ ಬಗ್ಗೆ ಅವಳು ಕೇಳಿದ್ದೇ ಕೇಳಿದ್ದು. ಕಾರವಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಫಾರ್ಮಲಿನ್ ವಾಸನೆಯ ಏಡಿಗಳನ್ನು ಟ್ರೇಯಲ್ಲಿ ಬಿಡಿಸಿದ್ದಳು. ಕಿವಿರು ಎಷ್ಟು, ಕಾಲಿನ ಗೆಣ್ಣು ಎಷ್ಟು ಎಂದು ಈಗಲೂ ನಿದ್ದೆಯಲ್ಲಿ ಹೇಳಬಲ್ಲಳು. ಆದರೆ ಜೀವಂತ ಏಡಿಯೊಂದು ತನ್ನ ಬಿಲದೊಳಗಿಂದ ಹೊರಗೆ ಬರುವುದನ್ನು ನೋಡಿರಲಿಲ್ಲ. ನೆರೆಯ ಮೀನುಗಾರ ಬೀರುವಿನ ಪಾತಿಯಲ್ಲಿ ನಾಲ್ಕೇ ಜನರಿಗೆ ಜಾಗ. ಬೀರು, ಮಾವ ಮಾದೇವ, ಗಂಡ ಗುರುಪ್ರಸಾದ, ಮೈದುನ ರೂಪೇಶ. ಈ ಲೆಕ್ಕ ಯಾವ ವರ್ಷವೂ ತಪ್ಪಿರಲಿಲ್ಲ.

ಈ ಸಲ ರೂಪೇಶ ಸ್ನೇಹಿತನ ಮದುವೆಗೆಂದು ಗೋವಾಕ್ಕೆ ಹೋಗಿದ್ದ. ಸುದ್ದಿ ಗೊತ್ತಾದ ದಿನವೇ ನೀತಾ ಬೀರುವಿನ ಅಂಗಳಕ್ಕೆ ಹೋಗಿ ಕೇಳಿದ್ದಳು.

ಬಲೆ ಹೆಣೆಯುತ್ತಿದ್ದ ಬೀರು ತಲೆ ಎತ್ತದೆ ನಕ್ಕಿದ್ದ. "ಅಕ್ಕೋರೆ, ಏಡಿ ಅಂದ್ರೆ ನಿಮ್ಮ ಶಾಲೆ ಮಕ್ಕಳಲ್ಲ, ಕಿವಿ ಹಿಂಡಿದ್ರೆ ಸುಮ್ನೆ ಕೂತ್ಕಳ್ಳುಕೆ. ಅದು ನಿಮ್ಮ ಬೆರಳೇ ಹಿಂಡ್ತದೆ."

"ಹಿಂಡ್ಲಿ ಬಿಡು ಬೀರಣ್ಣ. ಒಂಬತ್ತು ಉಳೀತದೆ."

ಬೀರು ಆಗ ತಲೆ ಎತ್ತಿದ. "ಹಂಗಾರೆ ಬುತ್ತಿ, ನೀರು, ಸಾಮಾನು ಎಲ್ಲ ನಿಮ್ದೇ. ಪಾತಿ ಅಂಚು ನೀರಿಂದ ನಾಲ್ಕು ಬೆರಳು ಮೇಲಿರ್ಬೇಕು. ಅದ್ಕಿಂತ ಇಳಿದ್ರೆ ಕಡಿಗೆ ಹತ್ತಿದವ್ರು ಇಳೀಬೇಕು. ಸಾಮಾನು ಕಟ್ಟಿದವ್ರೇ ಕಡಿಗೆ ಹತ್ತೂದು. ಏರಿಸಿದ ಸಾಮಾನು ಮಾತ್ರ ಇಳಿಸೂದಿಲ್ಲ. ನಮ್ಮಪ್ಪನ ಕಾಲದಿಂದ ಹಂಗೇಯ."

ಏರಿಸಿದ್ದನ್ನು ಇಳಿಸಿದರೆ ಹೊಳೆ ಆ ದಿನ ಏನನ್ನೂ ಕೊಡುವುದಿಲ್ಲ ಎಂದು ಬೀರುವಿನ ಮನೆಯವರು ನಂಬಿದ್ದರು. ನೀತಾ ಅದನ್ನು ಪ್ರಶ್ನಿಸಲು ಹೋಗಲಿಲ್ಲ. ಅವಳ ತಲೆಯಲ್ಲಿ ಆಗಲೇ ಕಿಲೋಗಳು ಓಡುತ್ತಿದ್ದವು.

ಹಾಗಾಗಿ ಶನಿವಾರ ಮಧ್ಯಾಹ್ನ ಅವಳು ಹಳೆಯ ಉತ್ತರ ಪತ್ರಿಕೆಯೊಂದರ ಹಿಂಬದಿಯಲ್ಲಿ ಪಟ್ಟಿ ಬರೆದಳು. ಶಾಲೆಯ ಪ್ರಯೋಗಾಲಯದಿಂದ ಕೇಳಿ ತಂದಿದ್ದ ಸ್ಪ್ರಿಂಗ್ ತಕ್ಕಡಿಯನ್ನು ಜಗಲಿಯ ತೊಲೆಗೆ ನೇತುಹಾಕಿದಳು. ಒಬ್ಬರಿಗೆ ಮೂರು ಲೀಟರಿನ ಹಾಗೆ ಹನ್ನೆರಡು ಲೀಟರ್ ನೀರು, ಕ್ಯಾನು ಸೇರಿ ಹದಿಮೂರು ಕಿಲೋ. ತುದಿ ಬಾಗಿದ ಕಬ್ಬಿಣದ ಕೊಕ್ಕೆ ನಾಲ್ಕು, ಆರು ಕಿಲೋ. ಏಡಿಯ ಕೊಂಬು ಕಟ್ಟಲು ಬಾಳೆನಾರು ಒಂದು ಹೊರೆ, ಏಡಿ ತುಂಬಲು ಗೋಣಿಚೀಲ ಆರು, ಒಂದು ಕತ್ತಿ. ಕಾಂಡ್ಲದ ಬೇರಿಗೆ ಅಂಟಿದ ಚಿಪ್ಪುಗಳು ಅಂಗಾಲು ಸೀಳದಂತೆ ನಾಲ್ಕು ಜೊತೆ ಹಳೆಯ ಕ್ಯಾನ್ವಾಸ್ ಬೂಟು. ಗಾಯಕ್ಕೆ ಅಯೋಡಿನ್, ಹತ್ತಿ. ಒಂದೊಂದನ್ನೂ ತೂಗಿ, ಬರೆದು, ಪಕ್ಕದಲ್ಲಿ ಗೀಟು ಹಾಕಿದಳು.

ಕದ್ರಾದ ವಿದ್ಯುದಾಗಾರದಲ್ಲಿ ಪಾಳಿ ಮುಗಿಸಿ ಸಂಜೆ ಬಸ್ಸಿಗೆ ಬಂದ ಗುರುಪ್ರಸಾದ ಜಗಲಿಯಲ್ಲೇ ನಿಂತುಬಿಟ್ಟ. "ಎಂತದೇ ಇದು, ರೇಷನ್ ಅಂಗಡಿಯಾ?"

"ನೀವೂ ಬನ್ನಿ, ಈ ಕೊಕ್ಕೆ ಹಿಡಿದು ನೇತಾಡಿ. ನಿಮ್ಮ ತೂಕವೂ ಬೇಕು."

"ನನ್ನ ನೇತುಹಾಕಿದ್ರೆ ತಕ್ಕಡಿ ಅಲ್ಲ, ತೊಲೆ ಬೀಳ್ತದೆ. ಆಮೇಲೆ ಶಾಲೆಗೂ ದಂಡ, ಅಪ್ಪನಿಗೂ ದಂಡ."

ಒಳಗಿಂದ ಅತ್ತೆ ದುರ್ಗಾ ನಕ್ಕ ಸದ್ದು ಕೇಳಿತು. ಮೂವತ್ತು ವರ್ಷ ಈ ಮನೆಯ ಬೇಟೆಯ ಬುತ್ತಿ ಕಟ್ಟಿದವರು ಅವರೇ. ನೀತಾ ಅಡುಗೆಮನೆಗೆ ಹೋದಾಗ ಒಣಸಿಗಡಿ ಹುರಿಯುತ್ತ ಹೇಳಿದರು, "ನಂಗೆ ಒಂದಿನವೂ ಬಾ ಅಂದವ್ರಿಲ್ಲ. ನಾನೂ ಬತ್ತೆ ಅಂದವ್ಳಲ್ಲ, ಸುಳ್ಳು ಎಂತಕೆ. ನೀ ಬಾಯಿ ಬಿಟ್ಟು ಕೇಳಿದ್ಯಲ್ಲ, ಹೋಗ್ ಬಾ. ಅಲ್ಲಿ ಹೆಂಗಿರ್ತದೆ ಅಂತ ಬಂದು ಹೇಳು. ಇವ್ರು ಮೂರು ಜನ ಬಂದು ಬರೀ ನಿದ್ದೆ ಮಾಡ್ತ್ರು."

ಅಕ್ಕಿರೊಟ್ಟಿ ಇಪ್ಪತ್ತನಾಲ್ಕು, ಸಿಗಡಿ ಚಟ್ನಿ, ಬೆಲ್ಲ ಹಾಕಿ ಕಲಸಿದ ಅವಲಕ್ಕಿ, ಉಪ್ಪಿನಕಾಯಿ, ನೀರುಳ್ಳಿ. ರೊಟ್ಟಿ ಬೆವರದ ಹಾಗೆ ಆರಿಸಿ ಬಾಳೆಲೆಯಲ್ಲಿ ಸುತ್ತಬೇಕು, ಚಟ್ನಿಗೆ ತೇವದ ಚಮಚ ಹಾಕಬಾರದು ಎಂದು ದುರ್ಗಾ ಒಂದೊಂದನ್ನೇ ಹೇಳಿಕೊಟ್ಟರು. ನೀತಾ ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡಳು. ಮಲಗುವ ಮುಂಚೆ ಮತ್ತೊಂದು ಸಲ ಕೂಡಿಸಿ ನೋಡಿದಳು. ಪಾತಿಯ ನಾಲ್ಕು ಬೆರಳಿನ ಲೆಕ್ಕಕ್ಕೆ ಸರಿಯಿತ್ತು. ಏಡಿ ಕಿವಿರಿನಿಂದ ಉಸಿರಾಡುವ ಪ್ರಾಣಿ, ಚೀಲ ಒಣಗಿದ್ದರೆ ಸಂಜೆಯೊಳಗೆ ಸಾಯುತ್ತದೆ ಎಂದು ನೆನಪಾಗಿ ಹಿತ್ತಲಿಗೆ ಓಡಿ ಆರೂ ಚೀಲಗಳನ್ನು ಬಾನಿಯ ನೀರಿನಲ್ಲಿ ಅದ್ದಿಟ್ಟು ಬಂದಳು. ಮಲಗಿದರೂ ಬಹಳ ಹೊತ್ತು ಕಾಲಬೆರಳು ಆಡಿಸುತ್ತಲೇ ಇದ್ದಳು.

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಹೊಳೆ ಅಂಚಿನ ತನಕ ತುಂಬಿ ನಿಂತಿತ್ತು. ಗುರುಪ್ರಸಾದ ಕೈಗಾಡಿಯಲ್ಲಿ ಸಾಮಾನು ತಂದು ದಡದಲ್ಲಿ ಇಳಿಸಿದ. ಬೀರು ಹಿಂದಿನ ತುದಿಯಲ್ಲಿ, ಮಾದೇವ ಮುಂದಿನ ತುದಿಯಲ್ಲಿ, ಗುರುಪ್ರಸಾದ ನಡುವೆ ಕೂತರು. ನೀತಾ ಒಂದೊಂದಾಗಿ ಸಾಮಾನು ಕೊಟ್ಟಳು. ಕೊನೆಗೆ ಸೊಂಟಕ್ಕೆ ಸೆರಗು ಬಿಗಿದು, ತುಂಬ ಹುಷಾರಾಗಿ, ಪರೀಕ್ಷೆಯ ಕೋಣೆಗೆ ಕಾಲಿಡುವವಳ ಹಾಗೆ ಪಾತಿಯೊಳಗೆ ಕಾಲಿಟ್ಟು ಕೂತಳು.

ಬೀರು ನಾಲ್ಕು ಬೆರಳು ಜೋಡಿಸಿ ಪಾತಿಯ ಹೊರಮೈಗೆ ಇಟ್ಟ. ಕೆಳಗಿನ ಬೆರಳು ಅರ್ಧ ನೀರಿನೊಳಗೆ ಹೋಯಿತು.

"ಅರ್ಧ ಬೆರಳು ಕಡಿಮೆ," ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಒಂದು ಕ್ಯಾನು ನೀರು ಚೆಲ್ಲುವಾ?" ಎಂದ ಗುರುಪ್ರಸಾದ.

"ಕುಡಿಯೂ ನೀರು ಚೆಲ್ಲಿ ಮಧ್ಯಾಹ್ನ ಉಪ್ಪುನೀರು ಕುಡೀತ್ಯಾ? ಅಳಿವೆ ಬಾಯಲ್ಲಿ ಗಾಳಿ ಎದ್ರೆ ಅರ್ಧ ಬೆರಳೇ ನಮ್ಮ ಜೀವ. ಅಕ್ಕೋರೆ, ಬೇಜಾರ್ ಮಾಡ್ಕಬೇಡಿ."

ಪಾತಿ ಬೀರುವಿನದು, ಮಾತೂ ಅವನದೇ. ನೀತಾ ಇಳಿದಳು. ಮೊಣಕಾಲಿನ ತನಕ ನೀರು, ಅಂಗಾಲಿನ ಕೆಳಗೆ ತಣ್ಣನೆಯ ಕೆಸರು. ಬುತ್ತಿಯನ್ನು ನೋಡಲು ದಡಕ್ಕೆ ಬಂದಿದ್ದ ದುರ್ಗಾ ಸೊಸೆಯ ಮುಖ ನೋಡಲಾರದೆ ಬೇರೆ ಕಡೆ ತಿರುಗಿದರು. ಹೊಳೆಯ ನಡುವೆ ತೇಲುತ್ತಿದ್ದ ಹುಲ್ಲುಕಡ್ಡಿಯೊಂದು ಆಗಲೇ ಸಮುದ್ರದ ಕಡೆಗೆ ಮೆಲ್ಲಗೆ ಚಲಿಸತೊಡಗಿತ್ತು. ನೀರು ತಿರುಗಿದೆ, ಇನ್ನು ಯಾರೂ ಕಾಯುವುದಿಲ್ಲ.

ಅಳು ಬರುವುದಕ್ಕೆ ಮುಂಚೆ ಲೆಕ್ಕ ಬಂತು. ಪಾತಿಯ ಉದ್ದ, ಅಗಲ, ಅರ್ಧ ಬೆರಳಿನ ದಪ್ಪ. ಹನ್ನೆರಡು, ಹೆಚ್ಚೆಂದರೆ ಹದಿಮೂರು ಕಿಲೋ. ಅಷ್ಟು ತೂಕ ಎಲ್ಲಿಂದ ಬಂತು? ಒಂದೊಂದನ್ನೂ ಅವಳೇ ತೂಗಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಪಟ್ಟಿ ತೆಗೆದಳು. ನೀರು, ಕೊಕ್ಕೆ, ಬೂಟು, ರೊಟ್ಟಿ. ಗೋಣಿಚೀಲ ಆರು, ಐದು ಕಿಲೋ.

ಐದು ಕಿಲೋ! ನಿನ್ನೆ ಮಧ್ಯಾಹ್ನ ತೂಗಿದಾಗ ಅವು ಒಣಗಿದ್ದವು. ಇವತ್ತು ಗಾಡಿಗೆ ಏರಿಸುವಾಗ ಒಂದೊಂದು ಚೀಲವೂ ಗಂಡನ ತೋಳನ್ನು ಕೆಳಗೆ ಎಳೆದಿತ್ತು.

"ಬೀರಣ್ಣಾ, ನಿಲ್ಲು! ಏರಿಸಿದ ಸಾಮಾನು ಇಳಿಸೂದಿಲ್ಲ, ಅಲ್ವಾ?"

"ಇಲ್ಲ."

"ಚೀಲ ಪಾತಿಯಲ್ಲೇ ಇರ್ಲಿ. ಅದ್ರೊಳಗಿನ ನೀರು ಹೊಳೆಗೆ ಹೋದ್ರೆ?"

ಬೀರು ಒಂದು ಚೀಲ ಎತ್ತಿದ. ನೀರು ಧಾರೆಯಾಗಿ ಅವನ ತೊಡೆಯ ಮೇಲೆ ಸುರಿಯಿತು. ಕ್ಷಣ ಹೊತ್ತು ಅವನಿಗೆ ಅರ್ಥವೇ ಆಗಲಿಲ್ಲ. "ಇದ್ನ ಮನೆಯಿಂದ್ಲೇ ನೆನೆಸ್ಕಂಡು ಬಂದ್ರಾ?"

"ಏಡಿ ಸಾಯಬಾರದು ಅಂತ..."

"ಅಯ್ಯೋ ನಮ್ಮ ಅಕ್ಕೋರೇ! ನಾವು ಅಲ್ಲಿಗೆ ಹೋಗಿ ಹೊಳೆಲ್ಲೇ ಅದ್ದೂದು!"

ಮೊದಲು ನಕ್ಕವರು ಮಾದೇವ. ಯಾವತ್ತೂ ಸೊಸೆಯ ಎದುರು ಹಲ್ಲು ತೋರದ ಮನುಷ್ಯ ಪಾತಿ ಅಲ್ಲಾಡುವ ಹಾಗೆ ನಕ್ಕರು. ಗುರುಪ್ರಸಾದ ಕಣ್ಣು ಒರೆಸಿಕೊಂಡು, "ಹೊಳೆಗೆ ನಮ್ಮ ಬಾವಿ ನೀರು ಉಡುಗೊರೆ ತಂದಿದಾಳೆ ಮಾರಾಯಾ," ಎಂದ. ನೀತಾಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನೀರಿನಲ್ಲಿ ನಿಂತು ಚೀಲದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಗಂಡನ ಕೈಯಲ್ಲಿ ಪಾತಿಯೊಳಗೇ ಇತ್ತು. ಇಬ್ಬರೂ ವಿರುದ್ಧ ದಿಕ್ಕಿಗೆ ತಿರುವಿದರು. ಆರು ಚೀಲ, ಒಂದೊಂದನ್ನೂ ಎರಡೆರಡು ಸಲ. ದಡದಿಂದ ದುರ್ಗಾ ಕೂಗಿದರು, "ಇನ್ನೂ ಹಿಂಡೇ, ಇನ್ನೂ ಅದೆ! ಆ ಕಡೆದು ಹಿಂಡು!"

ಅಂಗೈ ಉರಿಯುತ್ತಿತ್ತು. ಅವಳು ಮತ್ತೆ ಹತ್ತಿ ಕೂತಳು, ಉಸಿರನ್ನೂ ಹಗುರವಾಗಿ ಬಿಟ್ಟಳು. ಬೀರು ಬೆರಳು ಇಟ್ಟ. ತೆಗೆದ. ಮತ್ತೆ ಇಟ್ಟ. ಕೈ ಎತ್ತಿ ಎಲ್ಲರಿಗೂ ತೋರಿಸಿದ. ಕಿರುಬೆರಳಿನ ಕೆಳಬದಿ ಮಾತ್ರ ಒದ್ದೆ.

"ಬಿಡ್ರಿ ಹಗ್ಗ," ಎಂದ.

ಪಾತಿ ನೀರಿನ ಸೆಳೆತಕ್ಕೆ ಸಿಕ್ಕು ತಾನಾಗಿಯೇ ಹೊರಟಿತು. ದಡ ಹಿಂದಕ್ಕೆ ಸರಿಯಿತು, ತೆಂಗಿನ ಸಾಲು ಸರಿಯಿತು, ದುರ್ಗಾ ಬೀಸುತ್ತಿದ್ದ ಕೈ ಸಣ್ಣದಾಯಿತು. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಒಡ್ಡಿನ ಮೇಲೆ ಬೆಳ್ಳಕ್ಕಿಗಳು ಎದ್ದು ಕೂತವು. ಪ್ರತಿಯೊಂದು ತಿರುವಿನಲ್ಲೂ ನೀತಾ ಕತ್ತು ಚಾಚಿ ನೋಡುತ್ತಿದ್ದಳು. "ಅಲ್ಲಾಡ್ಬೇಡಿ ಅಕ್ಕೋರೆ," ಎಂದು ಬೀರು ನಾಲ್ಕು ಸಲ ಹೇಳಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಕಾಂಡ್ಲದ ಬೇರುಗಳು ಕೆಸರಿನಿಂದ ಮೊಣಕಾಲೆತ್ತರ ಹೊರಬಂದಿದ್ದವು. ಎಲ್ಲೆಲ್ಲೂ ಚಿಟಚಿಟ ಸಣ್ಣ ಸದ್ದು, ಉಪ್ಪಿನ, ಕೊಳೆತ ಎಲೆಯ ವಾಸನೆ. ಬೂಟು ಹಾಕಿಕೊಂಡು ಬೀರುವಿನ ಹಿಂದೆ ಅವಳು ಹೆಜ್ಜೆ ಎಣಿಸಿ ನಡೆದಳು. ಬೇರೊಂದರ ಬುಡದಲ್ಲಿ ಅವನು ನಿಂತ. ಅಂಗೈಯಗಲದ ಬಿಲ, ಬಾಯಲ್ಲಿ ಹೊಸ ಕೆಸರು, ಮೇಲೆ ಉಗುರಿನ ಗೀಟುಗಳು.

ಬೀರು ಕೊಕ್ಕೆಯನ್ನು ಅವಳ ಕೈಗೆ ಕೊಟ್ಟ. "ಮೆಲ್ಲಗೆ. ನೂಕೂದಲ್ಲ, ಕೇಳೂದು."

ನೀತಾ ಮಂಡಿಯೂರಿ ಕಬ್ಬಿಣವನ್ನು ಒಳಗೆ ಬಿಟ್ಟಳು. ಒಂದು ಗೇಣು, ಎರಡು ಗೇಣು. ಮೆತ್ತನೆಯ ಕೆಸರು, ಮತ್ತೆ ಕೆಸರು, ಆಮೇಲೆ ಗಟ್ಟಿಯಾದದ್ದು ಏನೋ. ಕಲ್ಲೇನೋ ಎಂದುಕೊಳ್ಳುವಷ್ಟರಲ್ಲಿ ಆ ಗಟ್ಟಿಯಾದದ್ದು ಕೊಕ್ಕೆಯನ್ನು ಹಿಡಿದು ಒಮ್ಮೆ ಕುಟ್ಟಿತು. ಟಕ್. ಸರಳಿನುದ್ದಕ್ಕೂ ಬಂದ ಆ ಪೆಟ್ಟು ಅವಳ ಮಣಿಕಟ್ಟು ದಾಟಿ ಮೊಣಕೈಯ ತನಕ ಏರಿತು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಸಿಕ್ತು! ಎಳೀರಿ, ಎಳೀರಿ!" ಎಂದ ಬೀರು.

ನೀತಾ ಎಳೆಯಲಿಲ್ಲ. ಇನ್ನೊಂದು ಸಲ ಕುಟ್ಟಲಿ ಎಂದು ಕೆಸರಿನಲ್ಲಿ ಮಂಡಿಯೂರಿ, ಬಾಯ್ತುಂಬ ನಗುತ್ತ ಕಾದಳು.