ಗೋಪಾಲಪ್ಪನವರಿಗೆ ಒಂದು ಚಮಚ ಸಬ್ಬಕ್ಕಿ

ಗೋಪಾಲಪ್ಪ ಮೂವತ್ತು ವರ್ಷ ಹೊಸೂರಿನ ಸುತ್ತಮುತ್ತ ಮದುವೆ ಅಡುಗೆ ಮಾಡಿದವರು. ಸಬ್ಬಕ್ಕಿ ಪಾಯಸಕ್ಕೆ ಅವರೇ ಆಗಬೇಕೆಂದು ಸೂಳಗಿರಿ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಸೊಸೆ ಕೋಮಲಾ ಮನೆಗೆ ಬಂದ ಹೊಸದರಲ್ಲಿ ಪಾಯಸವನ್ನು ಅಂಟು ಮಾಡಿಟ್ಟಾಗ, ಒಲೆ ಪಕ್ಕ ನಿಂತು, "ಒಂದೊಂದು ಕಾಳೂ ಬೇರೆ ಬೇರೆ ಕಾಣ್ಬೇಕು ಕಣಮ್ಮ" ಎಂದು ಕಲಿಸಿಕೊಟ್ಟಿದ್ದರು.

ಹೋದ ತಿಂಗಳು ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು, ನುಂಗುವುದಕ್ಕೂ ಆಗದೆ ಹೋಯಿತು. ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಮೂಗಿಗೆ ಟ್ಯೂಬ್ ಹಾಕಿ ಕಳಿಸಿದರು. ಮೂರು ವಾರದ ಮೇಲೆ ತೋರಿಸಲು ಹೋದಾಗ ಡಾಕ್ಟರಮ್ಮ, ನಾಳೆ ಏನಾದರೂ ನುಣ್ಣಗೆ, ಗಟ್ಟಿಯಾಗಿ ಮಾಡಿ ತನ್ನಿ, ನಮ್ಮೆದುರಿಗೇ ಒಂದು ಚಮಚ ಕೊಟ್ಟು ನೋಡೋಣ ಎಂದರು.

ಕೋಮಲಾ ಬೆಳಿಗ್ಗೆ ಎದ್ದು ಸಬ್ಬಕ್ಕಿ ನೆನೆಸಿದಳು. ಒಂದು ಕಾಳೂ ಉಳಿಯದ ಹಾಗೆ ಕರಗಿಸಿ ಬೇಯಿಸಿ, ಬೆಲ್ಲ, ಏಲಕ್ಕಿ ಹಾಕಿ, ಎರಡು ಸಲ ಸೋಸಿದಳು.

ಆಸ್ಪತ್ರೆಯಲ್ಲಿ ಡಬ್ಬಿ ತೆರೆದಾಗ ಗೋಪಾಲಪ್ಪ ಒಳಗೆ ನೋಡಿದರು. ಎಡಗೈಯಿಂದ ಚಮಚವನ್ನು ಪಕ್ಕಕ್ಕೆ ತಳ್ಳಿದರು.

"ಗೊತ್ತು ಮಾವ, ಇದು ಪಾಯಸ ಅಲ್ಲ. ಕಾಳಿದ್ರೆ ನಿಮ್ಗೆ ನೆತ್ತಿಗೇರ್ತದಂತೆ. ಒಂದೇ ಒಂದು ಚಮಚ ತಗೊಳ್ಳಿ."

ಅವರು ಬಾಯಿ ತೆರೆದರು. ನಾಲಿಗೆಗೆ ತಾಗಿದ ಕೂಡಲೇ ಕಣ್ಣು ಮುಚ್ಚಿಕೊಂಡರು. ಕೋಮಲಾ ಅವರ ಗಂಟಲನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ. ಆಮೇಲೆ ಕೆಮ್ಮು ಶುರುವಾಯಿತು. ಮುಖ ಕಪ್ಪಿಟ್ಟಿತು. ನರ್ಸ್ ಓಡಿಬಂದು ಮೆಷಿನ್ ಇಟ್ಟು ಬಾಯೊಳಗಿನದನ್ನೆಲ್ಲ ಎಳೆದು ತೆಗೆದಳು.

"ಇನ್ನೊಂದ್ ಸಲ ನೋಡ್ಬೋದಾ ಮೇಡಂ?" ಎಂದು ಮಗ ಯತಿರಾಜ್ ಕೇಳಿದ.

"ಬೇಡ. ಬಾಯಿಗೆ ಏನೂ ಕೊಡಬೇಡಿ. ನುಂಗೋದು ವಾಪಸ್ ಬರುತ್ತೋ ಇಲ್ವೋ ಈಗ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೆ ಕೋಮಲಾ ಉಳಿದಿದ್ದ ಸಬ್ಬಕ್ಕಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ಸಿರಿಂಜಿನಲ್ಲಿ ಟ್ಯೂಬಿಗೆ ಬಿಟ್ಟಳು. ಅದು ಮೂಗಿನ ಕಡೆ ಇಳಿಯುವುದನ್ನು ಗೋಪಾಲಪ್ಪ ನೋಡುತ್ತಲೇ ಇದ್ದರು. ಎಲ್ಲ ಮುಗಿದ ಮೇಲೆ ಎಡಗೈ ಬೆರಳಿನಿಂದ ತುಟಿ ತಟ್ಟಿ ತೋರಿಸಿದರು.

"ಬಾಯಿಗೆ ಕೊಡು ಅಂತಾವ್ರೆ ಕಣ್ರೀ," ಎಂದಳು ಕೋಮಲಾ.

ಯತಿರಾಜ್ ಎದ್ದು ಹೊರಗೆ ಹೋದ.

ಅವಳು ಮಾವನ ಕೈ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಅವರು ಕೈ ಬಿಡಿಸಿಕೊಂಡು ಮತ್ತೆ ತುಟಿ ತಟ್ಟಿದರು.